ಮಾಲೆ ಹಾಕಿದ ಎರಡನೇ ದಿನ: ನಿವೃತ್ತ ಹವಾಲ್ದಾರರೊಬ್ಬರ ಮದ್ಯವ್ಯಸನ ಚಿಕಿತ್ಸೆಯ ಪ್ರಕರಣ

2022ರ ನವೆಂಬರ್ ಕೊನೆಯ ವಾರ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಯ್ಯಪ್ಪ ಸ್ವಾಮಿಯ ಭಜನೆ ನಡೆದಿತ್ತು. ಹಿಂದಿನ ದಿನ ಬೆಳಿಗ್ಗೆಯಷ್ಟೇ ಮಾಲೆ ಹಾಕಿಸಿಕೊಂಡಿದ್ದ 44 ವರ್ಷದ ನಿವೃತ್ತ ಹವಾಲ್ದಾರರು ಕೂತಲ್ಲೇ ಸೆಟೆದುಕೊಂಡು ಬಿದ್ದರು. ಕೈಕಾಲು ಅದುರಿದವು, ಬಾಯಲ್ಲಿ ನೊರೆ ಬಂತು, ಉಟ್ಟ ಕಪ್ಪು ಪಂಚೆ ಒದ್ದೆಯಾಯಿತು. ಏನೋ ಮೈಲಿಗೆಯಾಗಿದೆ, ಸ್ವಾಮಿ ಮುನಿದಿದ್ದಾನೆ ಎಂದರು ಹಿರಿಯರು. ಒಬ್ಬರು ಕೈಯಲ್ಲಿ ಬೀಗದ ಕೈ ಹಿಡಿಸಿದರು. ಭಜನೆಗೆ ಬಂದಿದ್ದ ಒಬ್ಬ ಹುಡುಗ 108ಕ್ಕೆ ಫೋನ್ ಮಾಡಿದ. ಜಗಳೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಅದೇ ರಾತ್ರಿ ದಾವಣಗೆರೆಗೆ ಕಳಿಸಿದರು.

ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಅವರ ಮತ್ತು ಅವರ ಹೆಂಡತಿಯ ಒಪ್ಪಿಗೆಯಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಸೇನೆಯಲ್ಲಿದ್ದ ಘಟಕ ಯಾವುದನ್ನೂ ಕೊಟ್ಟಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರವರು ಅವರನ್ನು ಕರೆಯುವುದು 'ಮಿಲಿಟ್ರಿ ಅಣ್ಣ' ಎಂದು. ನಾನು ಹವಾಲ್ದಾರರು ಎನ್ನುತ್ತೇನೆ.

ಅಂದು ಆಗಿದ್ದೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸೀಮೆಯಲ್ಲಿ ಪ್ರತಿ ವರ್ಷ ಮಾಲೆಯ ಕಾಲದಲ್ಲಿ, ಶ್ರಾವಣದಲ್ಲಿ, ಇಂಥ ಮೂರ್ನಾಲ್ಕು ಜನ ನಮ್ಮ ವಾರ್ಡಿಗೆ ಬರುತ್ತಾರೆ. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ದಿನವೂ ಕುಡಿಯುವವರ ಮಿದುಳು ಆ ಮಂಕನ್ನು ಸರಿದೂಗಿಸಲು ತನ್ನ ಚುರುಕನ್ನು ತಾನೇ ಏರಿಸಿಕೊಂಡು ಕೂತಿರುತ್ತದೆ. ಮದ್ಯ ಒಮ್ಮೆಗೇ ನಿಂತರೆ ಏರಿಸಿಕೊಂಡ ಚುರುಕಿಗೆ ಕಡಿವಾಣವಿಲ್ಲ. ಕೊನೆಯ ಗುಟುಕಿನ ಆರೆಂಟು ತಾಸಿಗೆ ಕೈನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪಿದ ಸ್ಥಿತಿ ಬರುತ್ತದೆ: ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಹೊತ್ತು ಯಾವುದು, ಊರು ಯಾವುದು ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಪ್ರಾಣ ಹೋಗುತ್ತದೆ. ಮನಸ್ಸು ಗಟ್ಟಿ ಮಾಡಿ ಒಂದೇ ದಿನಕ್ಕೆ ಬಿಟ್ಟವರಿಗೇ ಇದು ಹೆಚ್ಚು. ನಮ್ಮ ಹವಾಲ್ದಾರರ ಮನಸ್ಸು ಗಟ್ಟಿಯಿತ್ತು.

ಹಿನ್ನೆಲೆ

ಹತ್ತೊಂಬತ್ತನೇ ವಯಸ್ಸಿಗೆ ಸೇನೆ ಸೇರಿದವರು. ಲಾರಿ ಚಾಲಕ. 22 ವರ್ಷ ಸೇವೆ ಮುಗಿಸಿ 2019ರಲ್ಲಿ ಸ್ವಂತ ಕೋರಿಕೆಯ ಮೇಲೆ ಬಂದರು. ಬಂದ ಮೇಲೆ ಒಂದು ಬ್ಯಾಂಕಿನಲ್ಲಿ ಗಾರ್ಡ್ ಕೆಲಸ, ಅದಕ್ಕಾಗಿ ಲೈಸೆನ್ಸ್ ಮಾಡಿಸಿಕೊಂಡ ಜೋಡುನಳಿಗೆ ಬಂದೂಕು. 2021ರಲ್ಲಿ ಡ್ಯೂಟಿಯಲ್ಲಿ ವಾಸನೆ ಬಂತೆಂದು ಕೆಲಸ ಹೋಯಿತು. ಬಂದೂಕು ಮನೆಯಲ್ಲೇ ಉಳಿಯಿತು. ಪಿಂಚಣಿ ಬರುತ್ತಿತ್ತು, ನಾಲ್ಕು ಎಕರೆಯಲ್ಲಿ ಮೆಕ್ಕೆಜೋಳ, ಶೇಂಗಾ. ಹೆಂಡತಿ, ವಯಸ್ಸಾದ ತಾಯಿ, ದಾವಣಗೆರೆಯ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುವ ಮಗಳು.

'ದಿನಕ್ಕೆ ಎರಡೇ ಕ್ವಾರ್ಟರು ಮೇಡಂ, ಅದೂ ಕ್ಯಾಂಟೀನ್ ಮಾಲು, ಕಲಬೆರಕೆ ಇಲ್ಲ' ಎಂದರು, ಮಾತಾಡುವ ಸ್ಥಿತಿಗೆ ಬಂದ ಮೇಲೆ. ಸೇನೆಯ ಕ್ಯಾಂಟೀನಿನಲ್ಲಿ ಸಿಗುವ ರಮ್ ಶುದ್ಧ, ಅದು ಒಳಗೇನೂ ಮಾಡುವುದಿಲ್ಲ ಎಂಬ ನಂಬಿಕೆ ಮಾಜಿ ಸೈನಿಕರಲ್ಲಿ ಗಟ್ಟಿ. ಲೆಕ್ಕ ಹಾಕಿ ತೋರಿಸಿದೆ. ಶೇಕಡ 42.8 ಮದ್ಯಾಂಶದ 180 ಮಿಲಿಯ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಎರಡಕ್ಕೆ 120 ಗ್ರಾಂ. ಲಿವರ್ ಬ್ರ್ಯಾಂಡ್ ನೋಡುವುದಿಲ್ಲ, ಗ್ರಾಂ ನೋಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ, ಕುಡಿತದ ಮಟ್ಟ ಅಳೆಯುವ ಆಡಿಟ್ ಪರೀಕ್ಷೆಯಲ್ಲಿ 40ಕ್ಕೆ 31 ಬಂತು. 20 ದಾಟಿದರೇ ಅವಲಂಬನೆಯ ಅನುಮಾನ ಪಡಬೇಕು.

ಮೊದಲಿನ ಪ್ರಯತ್ನಗಳು

ಮಾಲೆ ಮೂರನೆಯ ಪ್ರಯತ್ನ. ಅದಕ್ಕೂ ಮೊದಲು ಎರಡಾಗಿದ್ದವು.

2020ರಲ್ಲಿ ಹೆಂಡತಿ, ಕುಡಿಯುವವರಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸುವ ಪುಡಿ ಎಂಬ ಜಾಹೀರಾತು ನೋಡಿ ತರಿಸಿ, ಸಾರಿನಲ್ಲಿ ಬೆರೆಸಿದ್ದರು. ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದಿರಲಿಲ್ಲ. ಆ ರಾತ್ರಿ ಕುಡಿದು ಬಂದವರ ಮುಖ ಕೆಂಡದಂತಾಯಿತು, ಎದೆ ಡವಗುಟ್ಟಿತು, ವಾಂತಿಯ ಮೇಲೆ ವಾಂತಿ. ಡೈಸಲ್ಫಿರಾಂ ತಿಂದವರು ಕುಡಿದರೆ ಆಗುವುದು ಹೀಗೆಯೇ. ಮದ್ಯ ಕರಗುವ ದಾರಿಯನ್ನು ಆ ಔಷಧ ನಡುವೆ ತಡೆದು, ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲಿ ಕೂಡುವಂತೆ ಮಾಡುತ್ತದೆ. ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಂಡರೆ ಅದು ಒಳ್ಳೆಯ ಔಷಧವೇ. ಕದ್ದು ಹಾಕಿದರೆ, ಹೃದಯದ ತೊಂದರೆ ಇದ್ದವರಿಗೆ ಅದೇ ಕೊನೆಯಾಗಬಹುದು. ಪುಡಿ ಹಾಕಿದ್ದು ಗೊತ್ತಾದ ಮೇಲೆ ಅವರು ಎಷ್ಟೋ ತಿಂಗಳು ಮನೆಯಲ್ಲಿ ಊಟ ಮಾಡಲಿಲ್ಲ. 'ನನಗೇ ವಿಷ ಹಾಕಿದ್ಲು' ಎಂಬ ಮಾತು ನನ್ನೆದುರೂ ಬಂತು. ಆ ಹೆಣ್ಣುಮಗಳು ತಲೆ ಎತ್ತಲಿಲ್ಲ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಅವರ ಕೈಗೆ ಸಿಕ್ಕಿದ್ದು ಅದೊಂದೇ ದಾರಿ.

2021ರಲ್ಲಿ ಬೇರೆ ಜಿಲ್ಲೆಯ ಒಂದು ಖಾಸಗಿ ಕೇಂದ್ರ. ರಾತ್ರಿ ನಾಲ್ಕು ಜನ ಬಂದು ಜೀಪಿನಲ್ಲಿ ಎತ್ತಿಕೊಂಡು ಹೋದರು. ಮೂರು ತಿಂಗಳು ಫೋನಿಲ್ಲ, ವೈದ್ಯರ ಮುಖ ಕಂಡದ್ದು ಎರಡು ಸಲ, ಎದುರು ಮಾತಾಡಿದವರಿಗೆ ಏಟು. ಬಿಡುಗಡೆಯಾದ ಸಂಜೆಯೇ ಬಸ್‌ಸ್ಟ್ಯಾಂಡಿನ ಎದುರು ನೈಂಟಿ ಕುಡಿದು ಊರಿಗೆ ಬಂದರು. ಇದನ್ನು ಓದುತ್ತಿರುವ ಮನೆಯವರು ಒಂದು ವಿಷಯ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ಅಂಥವರನ್ನು ಒಳರೋಗಿಯಾಗಿ ಇಟ್ಟುಕೊಳ್ಳುವ ಸಂಸ್ಥೆ ನೋಂದಣಿಯಾಗಿರಬೇಕು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ರೋಗಿ ತಾನೇ ನಿರ್ಧರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ, ಅವರ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿ, ಮೊದಲಿಗೆ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಜೀಪಿನಲ್ಲಿ ಎತ್ತಿಕೊಂಡು ಹೋಗುವುದು ಈ ಯಾವುದರಲ್ಲೂ ಬರುವುದಿಲ್ಲ. ಹಣ ಕಟ್ಟುವ ಮುಂಚೆ ನೋಂದಣಿ ಪತ್ರ ತೋರಿಸಿ ಎಂದು ಕೇಳಿ, ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದು ಕೇಳಿ.

ವಾರ್ಡಿನಲ್ಲಿ

ನಾನು ಅವರನ್ನು ಮೊದಲು ನೋಡಿದ್ದು ದಾಖಲಾದ ಮರುದಿನ, ಕುಡಿತ ನಿಂತು ಮೂರನೇ ದಿನ. ಮಂಚದ ಅಂಚು ಹಿಡಿದು ಸ್ಟೀರಿಂಗ್ ತಿರುಗಿಸುವಂತೆ ಮಾಡುತ್ತಿದ್ದರು. 'ಗಾಡಿ ರೋಕೋ, ಪೀಛೇ ಲೇ' (ಗಾಡಿ ನಿಲ್ಲಿಸು, ಹಿಂದಕ್ಕೆ ತಗೋ) ಎಂದು ಕೂಗುತ್ತಿದ್ದರು. ಹೆಂಡತಿಯನ್ನು ಗುರುತಿಸಲಿಲ್ಲ. ಮಿಲಿಟರಿ ಹಿಂದಿ ಮಾತಾಡುತ್ತಿದ್ದಾರೆ ಎಂದರು ಸಿಸ್ಟರ್. ಅದು ಸನ್ನಿಯ ಬಡಬಡಿಕೆ ಎಂದು ನಾವೆಲ್ಲ ಬಿಟ್ಟೆವು. ಯಾವ ಗಾಡಿ, ಯಾಕೆ ನಿಲ್ಲಬೇಕಿತ್ತು ಎಂದು ಆಮೇಲೆ ಕೇಳಬೇಕೆಂದು ಕೇಸ್‌ಶೀಟಿನಲ್ಲಿ ಒಂದು ಸಾಲು ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ದೇಹದ ಚಿಕಿತ್ಸೆ ಮಾತ್ರ ಚೆನ್ನಾಗಿ ನಡೆಯಿತು. ಲಿವರ್ ಕಿಣ್ವಗಳು ಮಾಮೂಲಿಗಿಂತ ನಾಲ್ಕು ಪಟ್ಟು ಏರಿದ್ದರಿಂದ, ಕೆರಳಿದ ಮಿದುಳನ್ನು ತಣಿಸುವ ಔಷಧಗಳಲ್ಲಿ ಲಿವರ್‌ಗೆ ಹೊರೆ ಕಡಿಮೆ ಇರುವ ಲೊರಾಜೆಪಾಮ್ ಆರಿಸಿದರು. ನಾಡಿ, ಬೆವರು, ನಡುಕ ನೋಡಿಕೊಂಡು ತಾಸುತಾಸಿಗೆ ಕೊಟ್ಟು, ಆಮೇಲೆ ದಿನದಿನಕ್ಕೆ ಇಳಿಸಿದರು. ಅದಕ್ಕೂ ಮುಂಚೆ ಕೊಟ್ಟದ್ದು ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ನಮ್ಮ ಹಳ್ಳಿಗಳಲ್ಲಿ ಯಾರು ಸುಸ್ತಾಗಿ ಬಿದ್ದರೂ ಮೊದಲ ಮಾತು 'ಒಂದು ಬಾಟ್ಲಿ ಗ್ಲೂಕೋಸ್ ಏರ್ಸಿ'. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟವರ ಮೈಯಲ್ಲಿ ಬಿ1 ಖಾಲಿಯಾಗಿರುತ್ತದೆ. ಗ್ಲೂಕೋಸ್ ಬಳಸಿಕೊಳ್ಳಲು ಮಿದುಳಿಗೆ ಅದೇ ಬೇಕು. ಇಲ್ಲದವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಮುಗಿದು, ಕಣ್ಣಿನ ಚಲನೆ, ನಡಿಗೆ, ನೆನಪು ಕೆಡಬಹುದು. ನೆನಪು ಹಾಗೆ ಹೋದರೆ ಬಹಳ ಸಲ ಪೂರ್ತಿ ಮರಳುವುದಿಲ್ಲ. ಜಗಳೂರಿನಲ್ಲಿ ಅಂದು ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯರು ಬಿ1 ಕೊಟ್ಟ ಮೇಲೆಯೇ ಬಾಟಲಿ ಹಾಕಿದ್ದರು. ಅವರಿಗೆ ನಾನು ಋಣಿ.

ಆರನೇ ದಿನಕ್ಕೆ ತಿಳಿವಾದರು. ಗಡ್ಡ ಬೋಳಿಸಿಕೊಂಡು, ಹಾಸಿಗೆಯ ಹೊದಿಕೆಯನ್ನು ಸುಕ್ಕಿಲ್ಲದಂತೆ ಮಡಿಚಿ, 'ಮಾಲೆ ತೆಗೆದ್ರಾ?' ಎಂದು ಮೊದಲು ಕೇಳಿದರು. ತೆಗೆದಿದ್ದರು. ಅತ್ತರು.

ಮುಂದಿದ್ದ ದಾರಿಗಳು

ಎಂಟನೇ ದಿನ ಅವರನ್ನು, ಹೆಂಡತಿಯನ್ನು, ದಾವಣಗೆರೆಯಲ್ಲೇ ಇರುವ ಅವರ ಅಕ್ಕನನ್ನು ಕೂರಿಸಿಕೊಂಡೆ. ಮಾಜಿ ಸೈನಿಕರಿಗೆ ದಾರಿಗಳು ಇಲ್ಲವೆಂದಲ್ಲ. ಬೇರೆಯವರಿಗಿಂತ ಒಂದೆರಡು ಹೆಚ್ಚೇ ಇವೆ.

ಮೊದಲನೆಯದು ಇಸಿಎಚ್‌ಎಸ್. 2003ರ ಏಪ್ರಿಲ್‌ನಿಂದ ನಡೆದಿರುವ, ಮಾಜಿ ಸೈನಿಕರು ಒಮ್ಮೆ ವಂತಿಗೆ ಕಟ್ಟಿ ಸೇರುವ ಆರೋಗ್ಯ ಯೋಜನೆ. ಯೋಜನೆಯ ಪಾಲಿಕ್ಲಿನಿಕ್ಕಿಗೆ ಹೋಗಿ, ಅಲ್ಲಿಯ ವೈದ್ಯಾಧಿಕಾರಿಯಿಂದ ರೆಫರಲ್ ಪಡೆದು, ಸೇನಾ ಆಸ್ಪತ್ರೆಗೋ ಯೋಜನೆಯಲ್ಲಿ ಸೇರಿದ ಆಸ್ಪತ್ರೆಗೋ ಹೋಗಬೇಕು. ಇವರ ಹತ್ತಿರ ಕಾರ್ಡಿತ್ತು. ಮಂಡಿನೋವಿಗೆ ಬಳಸಿದ್ದರು, ಕುಡಿತಕ್ಕೆ ಅಲ್ಲ. 'ಅಲ್ಲಿ ಎಲ್ರೂ ನಮ್ಮೋರೇ ಇರ್ತಾರೆ ಮೇಡಂ, ಗೊತ್ತಾದ್ರೆ ಮಾನ ಹೋಗ್ತದೆ.' ಪಿಂಚಣಿಗೆ ಏನಾದರೂ ಆಗುತ್ತದೆ ಎಂಬ ಭಯ ಹೆಂಡತಿಗೆ. ಚಿಕಿತ್ಸೆ ಪಡೆದದ್ದಕ್ಕೆ ಸೇವಾ ಪಿಂಚಣಿ ನಿಲ್ಲುವುದಿಲ್ಲ ಎಂದು ಮೂರು ಸಲ ಹೇಳಬೇಕಾಯಿತು. ಎಷ್ಟು ದಿನದ ದಾಖಲಾತಿ, ಯಾವ ಔಷಧ ಯೋಜನೆಯಲ್ಲಿ ಬರುತ್ತದೆ ಎಂಬುದನ್ನು ದಾಖಲಾಗುವ ಮುಂಚೆ ಪಾಲಿಕ್ಲಿನಿಕ್ಕಿನಲ್ಲೇ ಕೇಳಿ ಬರೆಸಿಕೊಳ್ಳಿ ಎಂದೆ.

ಎರಡನೆಯದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಫಿಟ್ಸ್, ಸನ್ನಿ, ಜೊತೆಗೆ ಬೇರೆ ಮಾನಸಿಕ ತೊಂದರೆ ಎಲ್ಲ ಹೆಣೆದುಕೊಂಡಿದ್ದರೆ ಅದು ಒಳ್ಳೆಯ ಜಾಗ. ಬೆಳೆ ಕೊಯ್ಲಿನ ಕಾಲ, ಮನೆಯಲ್ಲಿ ವಯಸ್ಸಾದ ತಾಯಿ, ಹೋಗಲಾಗಲಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ, ಅಲ್ಲಿ ಔಷಧ ಉಚಿತ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ಅಕ್ಕ ನೆನಪಿಸಿದರು. ಆ ಶಿಬಿರಗಳ ದೊಡ್ಡ ಶಕ್ತಿ, ಮುಗಿದ ಮೇಲೆ ಪಾನಮುಕ್ತರೆಲ್ಲ ಸೇರುವ ನವಜೀವನ ಸಮಿತಿಗಳು. ಆದರೆ ಫಿಟ್ಸ್ ಬಂದ ಇತಿಹಾಸವಿರುವವರು ಕುಡಿತ ನಿಲ್ಲಿಸುವ ಮೊದಲ ವಾರವನ್ನು ಆಸ್ಪತ್ರೆಯಲ್ಲೇ ಕಳೆಯಬೇಕು, ಆಮೇಲೆ ಸಮಿತಿಗೆ ಹೋಗಲಿ ಎಂದು ನಾನು ಹೇಳಿದೆ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳ ವಿಷಯವನ್ನೂ ಹೇಳಿದೆ. ಅವಕ್ಕೆ ಶುಲ್ಕವಿಲ್ಲ, ಹೆಸರು ಕೇಳುವುದಿಲ್ಲ.

ಔಷಧದ ವಿಷಯದಲ್ಲಿ ಹೆಚ್ಚು ಹೊತ್ತು ಹೋಯಿತು. ಹೆಂಡತಿಗೆ ಬೇಕಿದ್ದದ್ದು 'ಕುಡಿದ್ರೆ ವಾಂತಿಯಾಗೋ ಮಾತ್ರೆ'. ಫಿಟ್ಸ್ ಬಂದವರಿಗೆ, ಲಿವರ್ ಬಾತವರಿಗೆ ಡೈಸಲ್ಫಿರಾಂ ಸರಿಯಲ್ಲ ಎಂದರು ನಮ್ಮ ವೈದ್ಯರು. ಕುಡಿತದ ಮಜಾ ತಗ್ಗಿಸುವ ನಾಲ್ಟ್ರೆಕ್ಸೋನ್ ದಿನಕ್ಕೊಂದು ಮಾತ್ರೆ, ಸುಲಭ. ಆದರೆ ಕಿಣ್ವ ಇಷ್ಟು ಏರಿರುವಾಗ ಕಾಯುವುದು ಒಳ್ಳೆಯದು. ಉಳಿದದ್ದು ಬಿಟ್ಟ ಮೇಲೆ ಮತ್ತೆ ಕುಡಿಯದಂತೆ ನೆರವಾಗುವ ಅಕಾಂಪ್ರೊಸೇಟ್. ಅದು ಲಿವರ್‌ನಲ್ಲಿ ಕರಗದೆ ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ, ಅವರ ಮೂತ್ರಪಿಂಡ ಚೆನ್ನಾಗಿತ್ತು. ಕಷ್ಟವೆಂದರೆ ಹೊತ್ತಿಗೆ ಎರಡರಂತೆ ದಿನಕ್ಕೆ ಆರು ಮಾತ್ರೆ. ಇಷ್ಟು ಮಾತ್ರೆ ಯಾರು ನುಂಗುತ್ತಾರೆ ಎಂಬ ಅನುಮಾನ ನಮಗೆ. ಹವಾಲ್ದಾರರು ಮಾತ್ರ, 'ಮೂರು ಹೊತ್ತು ಫಾಲ್-ಇನ್ (ಸೇನೆಯಲ್ಲಿ ಸಾಲಾಗಿ ನಿಲ್ಲುವುದು) ಅಂದ್ಕೊಳ್ತೀನಿ' ಎಂದರು. ಹಾಗೆಯೇ ತೆಗೆದುಕೊಂಡರು ಕೂಡ, ಮಾತ್ರೆ ಮುಗಿಯುವವರೆಗೆ.

ಜನವರಿ 15

ಡಿಸೆಂಬರ್ ಮೊದಲ ವಾರ ಮನೆಗೆ ಕಳಿಸಿದೆವು. ಒಂದು ತಿಂಗಳ ಮಾತ್ರೆ, ಒಂದು ತಿಂಗಳ ನಂತರದ ತಾರೀಖು. ನಡುವೆ ನಾವು ಫೋನ್ ಮಾಡಲಿಲ್ಲ. ಜನವರಿ ಮೊದಲ ವಾರ ಮಾತ್ರೆ ಮುಗಿಯಿತು. ಊರಿನ ಹತ್ತಿರದ ಅಂಗಡಿಗಳಲ್ಲಿ ಸಿಗಲಿಲ್ಲ. ಮೆಕ್ಕೆಜೋಳ ಕಣದಲ್ಲಿತ್ತು, ದಾವಣಗೆರೆಗೆ ಬರುವುದು ಮುಂದಕ್ಕೆ ಹೋಯಿತು.

ಜನವರಿ 15 ಸೇನಾ ದಿನ. 1949ರಲ್ಲಿ ಅಂದೇ ನಮ್ಮ ಕೊಡಗಿನ ಕಾರಿಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡರು. ಮಾಜಿ ಸೈನಿಕರು ಒಂದು ಕಡೆ ಸೇರಿ ಹಾರ ಹಾಕಿ, ಮಕ್ಕಳಿಗೆ ಸಿಹಿ ಹಂಚಿದರು. ಸಂಜೆ ಒಂದು ತೋಟದಲ್ಲಿ ಬಡಾಖಾನಾ, ಅಂದರೆ ಸೈನಿಕರ ಔತಣ. 'ಒಂದು ಪೆಗ್ ಇಲ್ದೆ ಫೌಜಿ ಹೆಂಗಾಗ್ತೀಯಲೇ' ಎಂದರಂತೆ ಗೆಳೆಯರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಐದನೇ ದಿನಕ್ಕೆ ಹವಾಲ್ದಾರರು ಎರಡು ಕ್ವಾರ್ಟರಿಗೆ ಮರಳಿದ್ದರು.

ಇದನ್ನು ಅವರ ಸೋಲೆಂದು ಬರೆದುಕೊಳ್ಳುವುದು ಸುಲಭ. ನಾನು ನಮ್ಮ ವಿಭಾಗದ ಸೋಲೆಂದೇ ಬರೆದುಕೊಂಡಿದ್ದೇನೆ. ಆ ಮನೆಯ ಹಣ, ಸಾಲ, ಹರಕೆ, ನಮ್ಮ ಲೊರಾಜೆಪಾಮ್ ಎಲ್ಲ ಸುರಿದದ್ದು ಬಿಡಿಸುವ ಆ ಕೆಲವೇ ದಿನಗಳ ಮೇಲೆ. ಬಿಟ್ಟ ಮೇಲಿನ ದಿನಗಳಿಗೆ ಒಂದು ಚೀಟಿಯ ಮೇಲಿನ ತಾರೀಖಿನ ಹೊರತು ಏನೂ ಉಳಿದಿರಲಿಲ್ಲ. ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತದೆ, ಒಳರೋಗಿಯಾಗಿ ದಾಖಲಾಗುವವರು 180ರಲ್ಲಿ ಒಬ್ಬರು. ಅಷ್ಟು ಅಪರೂಪಕ್ಕೆ ಒಳಗೆ ಬಂದವರನ್ನು ನಾವು ಬಾಗಿಲಾಚೆ ಬಿಟ್ಟು ಮರೆತಿದ್ದೆವು.

ಆ ವಾರದ ಒಂದು ರಾತ್ರಿ ಹನ್ನೊಂದಕ್ಕೆ ಹೆಂಡತಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದರು. ಡಿಸ್ಚಾರ್ಜ್ ಚೀಟಿಯ ಹಿಂದೆ ನಾನು ಬರೆದುಕೊಟ್ಟಿದ್ದ ನಂಬರು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಗಂಡ ಪಡಸಾಲೆಯಲ್ಲಿ ಕೂತು ಬಂದೂಕಿನ ನಳಿಗೆ ಒರೆಸುತ್ತಿದ್ದಾರೆ, ಮಾತಾಡುತ್ತಿಲ್ಲ ಎಂದರು. ಆ ಕಡೆಯವರು ಕೇಳಿದ ಎರಡನೇ ಪ್ರಶ್ನೆ: ತೋಟಾ ಎಲ್ಲಿವೆ? ಬೀರುವಿನಲ್ಲಿ. ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇಟ್ಟುಕೊಂಡು, ಪಕ್ಕದ ಮನೆಯವರನ್ನು ಕರೆಯಿರಿ ಎಂದರು. ಫೋನ್ ಇಡಲಿಲ್ಲ, ಪಕ್ಕದ ಮನೆಯವರು ಬರುವವರೆಗೆ ಮಾತಾಡುತ್ತಲೇ ಇದ್ದರು. ಮೊದಲ ದಾಖಲಾತಿಯ ಹತ್ತು ದಿನದಲ್ಲಿ ನಮ್ಮಲ್ಲಿ ಒಬ್ಬರೂ ಮನೆಯಲ್ಲಿ ಆಯುಧವಿದೆಯೇ ಎಂದು ಕೇಳಿರಲಿಲ್ಲ. ಮಾಜಿ ಸೈನಿಕ, ಗಾರ್ಡ್ ಕೆಲಸದಲ್ಲಿದ್ದವರು, ಕುಡಿತ, ಕೆಲಸ ಹೋಗಿದೆ. ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಅದು. ಈಗ ನಾನು ಎಲ್ಲರನ್ನೂ ಕೇಳುತ್ತೇನೆ.

ಬಂದೂಕು ಒಪ್ಪಿಸು ಎಂದರೆ ಅವರ ಮಾನಕ್ಕೆ ಪೆಟ್ಟು. ದಾರಿ ತೋರಿದವರು ಅಕ್ಕ. ಆ ವರ್ಷ ವಿಧಾನಸಭೆ ಚುನಾವಣೆ. ಚುನಾವಣೆ ಬಂದಾಗ ಲೈಸೆನ್ಸ್ ಇದ್ದವರು ಠಾಣೆಗೆ ಬಂದೂಕು ಒಪ್ಪಿಸುವುದು ಊರಿಗೆಲ್ಲ ಗೊತ್ತಿರುವ ಪದ್ಧತಿ. 'ಹೆಂಗಿದ್ರೂ ಎಲೆಕ್ಷನ್‌ಗೆ ಕೊಡ್ಲೇಬೇಕಲ್ಲೋ ತಮ್ಮಾ, ಎರಡು ತಿಂಗಳು ಮುಂಚೇನೇ ಕೊಟ್ಟು ಬಾ' ಎಂದರು. ಹವಾಲ್ದಾರರೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ರಸೀದಿ ತೆಗೆದುಕೊಂಡು, ಅಲ್ಲಿಂದ ನೇರ ನಮ್ಮ ಆಸ್ಪತ್ರೆಗೆ ಬಂದರು.

ಎರಡನೇ ಸಲ

ಈ ಸಲ ಕುಡಿತ ನಿಲ್ಲುವ ಮೊದಲೇ ಔಷಧ ಸಿದ್ಧವಿತ್ತು. ಫಿಟ್ಸ್ ಬರಲಿಲ್ಲ, ಸನ್ನಿಯೂ ಇಲ್ಲ. ಆದರೆ ರಾತ್ರಿ ಪಾಳಿಯ ಸಿಸ್ಟರ್ ಒಂದು ವಿಷಯ ಗಮನಿಸಿದರು: ಬೆಳಗಿನ ಜಾವ ಮೂರರ ಹೊತ್ತಿಗೆ ಬೆವೆತು ಎದ್ದು, ಕಿಟಕಿಯ ಹತ್ತಿರ ನಿಂತು ಆಸ್ಪತ್ರೆ ಎದುರಿನ ರಸ್ತೆಯಲ್ಲಿ ಹೋಗುವ ಲಾರಿಗಳನ್ನು ಎಣಿಸುತ್ತಾರೆ. ಮರುದಿನ ನಾನು ಕೇಳಿದೆ, 'ಹವಾಲ್ದಾರ್ರೇ, ಹೋದ ಸಲ ಗಾಡಿ ರೋಕೋ ಅಂತಿದ್ರಿ. ಯಾವ ಗಾಡಿ?'

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಸೇವೆಗೆ ಸೇರಿದ ಹೊಸದರಲ್ಲಿ ಬೆಟ್ಟದ ರಸ್ತೆಯಲ್ಲಿ ಸೇನಾ ಲಾರಿಗಳ ಸಾಲು, ಕಾನ್ವಾಯ್. ಮುಂದಿನ ಲಾರಿಯನ್ನು ಓಡಿಸುತ್ತಿದ್ದವನು ಒಂದೇ ಬ್ಯಾಚಿನ ಗೆಳೆಯ. ತಿರುವಿನಲ್ಲಿ ಮಣ್ಣು ಕುಸಿಯುವುದು ಹಿಂದಿದ್ದ ಇವರಿಗೆ ಕಂಡಿತು, ಹಾರ್ನ್ ಹೊಡೆದರು, ಕೂಗಿದರು. ಲಾರಿ ಕಣಿವೆಗೆ ಹೋಯಿತು. ಹಗ್ಗ ಕಟ್ಟಿಕೊಂಡು ಇಳಿದು ಮೇಲೆ ತಂದವರಲ್ಲಿ ಇವರೂ ಒಬ್ಬರು. ಆ ರಾತ್ರಿ ಮಲಗಲೆಂದು ಯಾರೋ ರಮ್ ಕೊಟ್ಟರು. ನಿದ್ದೆ ಬಂತು. 'ಅವತ್ತಿಂದ ಅದೇ ನಿದ್ದೆ ಮಾತ್ರೆ ಮೇಡಂ.' ಸೇವೆಯಲ್ಲಿದ್ದಾಗ ಯಾಕೆ ಹೇಳಲಿಲ್ಲ ಎಂದೆ. ಕ್ಯಾಟಗರಿ ಡೌನ್ ಆಗುತ್ತದೆ, ಪ್ರಮೋಷನ್ ನಿಲ್ಲುತ್ತದೆ ಎಂಬ ಭಯ. ಸೇನೆಯ ವೈದ್ಯಕೀಯ ವರ್ಗೀಕರಣದಲ್ಲಿ ಮನಸ್ಸಿಗೂ ಒಂದು ಅಂಕಣವಿದೆ. ಅದರಲ್ಲಿ ಕೆಂಪು ಗೆರೆ ಬೀಳುವುದಕ್ಕಿಂತ ಕುಡಿಯುವುದು ವಾಸಿ ಎನಿಸಿತ್ತು.

ಇದು ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ. ಕುಡಿತ ಮೊದಲು ಬಿಡಲಿ, ಆಮೇಲೆ ಮನಸ್ಸಿನದ್ದು ನೋಡೋಣ ಎನ್ನುವ ಹಳೆಯ ರೂಢಿ ಇಂಥವರಲ್ಲಿ ನಡೆಯುವುದಿಲ್ಲ. ಮದ್ಯ ಮುಚ್ಚಿಟ್ಟಿದ್ದ ಕನಸುಗಳು ಮದ್ಯ ಬಿಟ್ಟೊಡನೆ ಮೇಲೆದ್ದು ಮತ್ತೆ ಬಾಟಲಿಯ ಕಡೆಗೇ ತಳ್ಳುತ್ತವೆ. ಎರಡನ್ನೂ ಜೊತೆಗೇ ಹಿಡಿದೆವು. ಈ ಕಾಯಿಲೆಗೆ ಕೊಡುವ ಸರ್ಟ್ರಲಿನ್ ಮಾತ್ರೆ ಶುರುಮಾಡಿದರು. ನಿದ್ದೆಗೆಂದು ಲೊರಾಜೆಪಾಮ್ ಮುಂದುವರಿಸಿ ಎಂದು ಅವರು ಎಷ್ಟು ಕೇಳಿದರೂ ವೈದ್ಯರು ಕೊಡಲಿಲ್ಲ, ಯಾಕೆಂದರೆ ಅದೂ ಹಿಡಿದುಕೊಳ್ಳುವ ಔಷಧವೇ. ನಮ್ಮ ಮನಶ್ಶಾಸ್ತ್ರಜ್ಞೆ ಒಂದೂವರೆ ತಿಂಗಳು ಬರೀ ನಿದ್ದೆ, ಉಸಿರು, ದಿನಚರಿಯ ಕೆಲಸ ಮಾಡಿಸಿ, ಆಮೇಲೆ ಆ ತಿರುವಿನ ಕಥೆಯನ್ನು ಚೂರುಚೂರಾಗಿ ಹೇಳಿಸಿದರು. ಸೇನೆಯಲ್ಲಿರುವವರಿಗೂ ಅವರ ಕುಟುಂಬಗಳಿಗೂ ಟೆಲಿ-ಮಾನಸ್‌ನ ಪ್ರತ್ಯೇಕ ಘಟಕ 2023ರ ಡಿಸೆಂಬರ್ 1ರಂದು ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಯಿತು. ಈ ಮನುಷ್ಯ ಹೊಸ ಚಾಲಕನಾಗಿದ್ದಾಗ ಅಂಥದೊಂದು ನಂಬರು ಇದ್ದಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಬಿಟ್ಟ ಮೇಲಿನ ದಿನಗಳಿಗೆ ಈ ಸಲ ವ್ಯವಸ್ಥೆ ಮಾಡಿಕೊಂಡೆವು. ಪ್ರತಿ ಭಾನುವಾರ ಸಂಜೆ ಆರಕ್ಕೆ ಫೋನ್. ಅವರು ಎತ್ತದಿದ್ದರೆ ಹೆಂಡತಿಗೆ, ಅವರೂ ಎತ್ತದಿದ್ದರೆ ಅಕ್ಕನಿಗೆ. ಮಾತ್ರೆ ಹತ್ತು ದಿನದ್ದು ಉಳಿದಿರುವಾಗಲೇ ಮುಂದಿನದ್ದನ್ನು ಅಕ್ಕ ಇಲ್ಲಿಂದ ಬಸ್ಸಿಗೆ ಹಾಕುವುದು.

ಕ್ಯಾಂಟೀನಿನದು ಜಟಿಲ. ದಿನಸಿಯ ಕಾರ್ಡು ಮನೆಗೆ ಬೇಕು. ಮದ್ಯದ ಕಾರ್ಡು ಬೇರೆಯೇ ಇರುತ್ತದೆ. ಅವರು ಬಿಟ್ಟರೂ ಊರು ಬಿಡಲಿಲ್ಲ: 'ನೀನು ಕುಡಿಯಲ್ಲ ಅಂದ್ರೆ ನಿನ್ನ ಕೋಟಾನಾದ್ರೂ ನಮಗೆ ತಂದ್ಕೊಡು.' ತರಲು ಹೋದವರ ಕೈಯಲ್ಲಿ ಬಾಟಲಿ ಬಂದೇ ಬರುತ್ತದೆ, ಬೇರೆಯವರಿಗೆ ಕೊಡುವುದು ನಿಯಮಕ್ಕೂ ವಿರುದ್ಧ. ಮದ್ಯದ ಕಾರ್ಡನ್ನು ಅವರೇ ಒಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಅಕ್ಕನ ಬೀರುವಿನಲ್ಲಿಟ್ಟರು. ಕೇಳಿದವರಿಗೆಲ್ಲ 'ಕಾರ್ಡು ಅಕ್ಕನ ಹತ್ರ ಐತೆ' ಎಂಬ ಒಂದೇ ಉತ್ತರ.

ನನಗೆ ಹೊಳೆಯದೇ ಇದ್ದದ್ದು ಪಂಪ್‌ಸೆಟ್. ತ್ರಿಫೇಸ್ ಕರೆಂಟು ರಾತ್ರಿ ಬರುತ್ತದೆ. ಮೋಟರು ಹಾಕಲು ಹೊಲಕ್ಕೆ ಹೋಗುವುದು, ಕರೆಂಟಿಗೆ ಕಾಯುತ್ತ ಅಕ್ಕಪಕ್ಕದ ಹೊಲದವರ ಜೊತೆ ಪಂಪ್‌ಸೆಟ್ ಮನೆಯಲ್ಲಿ ಕೂರುವುದು, ಕೂತರೆ ಮದ್ಯದ ಟೆಟ್ರಾ ಪ್ಯಾಕು ಬಿಚ್ಚುವುದು. ಹೇಳಿದ್ದು ಹೆಂಡತಿ: 'ಆಟೋ ಸ್ಟಾರ್ಟರ್ ಹಾಕ್ಸಿದ್ರೆ ಇವರು ರಾತ್ರಿ ಹೋಗೋದೇ ಬ್ಯಾಡ ಅಲ್ರೀ?' ಹಾಕಿಸಿದರು. ಆ ಮನೆಯಲ್ಲಿ ಖರ್ಚಾದ ಹಣದಲ್ಲಿ ಇದರಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪುಡಿ ಬೆರೆಸಿದ ತಪ್ಪಿಗೆ ಕುಗ್ಗಿ ಕೂತಿದ್ದ ಆ ತಾಯಿ, ಚಿಕಿತ್ಸೆಯಲ್ಲಿ ತನ್ನದೂ ಒಂದು ಮಾತಿದೆ ಎಂದು ಧೈರ್ಯ ತಂದುಕೊಂಡದ್ದು ಅಂದಿನಿಂದ.

ಆಮೇಲೆ

2023ರ ಆಗಸ್ಟ್ ಹೊತ್ತಿಗೆ ಲಿವರ್ ಕಿಣ್ವಗಳು ಇಳಿದವು, ಆರು ಮಾತ್ರೆಯ ಬದಲು ನಾಲ್ಟ್ರೆಕ್ಸೋನ್ ಒಂದಕ್ಕೆ ಬಂದರು. ಪಕ್ಕದೂರಿನ ನವಜೀವನ ಸಮಿತಿಗೆ ವಾರಕ್ಕೊಮ್ಮೆ ಹೋಗತೊಡಗಿದರು. ಅಲ್ಲಿ ಫೌಜಿ ಇವರೊಬ್ಬರೇ, ಅದೇ ಒಳ್ಳೆಯದಾಯಿತು ಎನ್ನುತ್ತಾರೆ.

ಅಕ್ಟೋಬರಿನಲ್ಲಿ ಸೋದರಮಾವ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯದಲ್ಲಿ ಕುಡಿದರು, ಮರುದಿನವೂ. ಮೂರನೇ ದಿನ ಬೆಳಿಗ್ಗೆ ಆರಕ್ಕೆ ನನ್ನ ಫೋನ್ ರಿಂಗಾಯಿತು. ಭಾನುವಾರವಲ್ಲ, ಬುಧವಾರ. 'ಮೇಡಂ, ಕೊನೇ ಪೆಗ್ ಆಗಿ ಎಂಟು ತಾಸಾತು. ಕೈ ನಡುಗ್ತಾ ಐತೆ. ಬಿ1 ಮಾತ್ರೆ ತಗೊಂಡೀನಿ. ಏಳರ ಬಸ್ಸಿಗೆ ಹೊರಟೀವಿ, ಇವಳೂ ಬರ್ತಾಳೆ.' ನಾಲ್ಕು ದಿನ ಇಟ್ಟುಕೊಂಡು ಕಳಿಸಿದೆವು. ಅದಾದ ಮೇಲೆ ಕುಡಿದಿಲ್ಲ. ಕನಸು ತಿಂಗಳಿಗೆ ಒಂದೆರಡು ಸಲ ಈಗಲೂ ಬರುತ್ತದೆ. ಚುನಾವಣೆ ಮುಗಿದ ಮೇಲೆ ಬಂದೂಕು ಬಿಡಿಸಿಕೊಂಡು ಬರಲು ಹೋಗಲಿಲ್ಲ. ಲೈಸೆನ್ಸ್ ನವೀಕರಣದ ತಾರೀಖು ಬಂದಾಗ ಏನು ಮಾಡಬೇಕೆಂದು ಗಂಡಹೆಂಡಿರು ಇನ್ನೂ ತೀರ್ಮಾನಿಸಿಲ್ಲ.

ಮಗಳು ಅಪ್ಪನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ. ಜೀಪಿನಲ್ಲಿ ಎತ್ತಿಕೊಂಡು ಹೋದ ರಾತ್ರಿ ಅವಳು ಮನೆಯಲ್ಲಿದ್ದಳು, ಅದಕ್ಕೂ ಹಿಂದಿನ ಎಷ್ಟೋ ರಾತ್ರಿಗಳಲ್ಲೂ. ಅವಳನ್ನು ಒತ್ತಾಯಿಸಬೇಡಿ ಎಂದು ಹೇಳಿದ್ದೇನೆ. ಕಳೆದ ಸಲ ಮಾತ್ರೆ ಒಯ್ಯಲು ಬಂದಾಗ ಅಪ್ಪನ ಜೊತೆ ಆಸ್ಪತ್ರೆಯವರೆಗೆ ಬಂದಳು. ಒಳಗೆ ಬರಲಿಲ್ಲ, ಹೊರಗಿನ ಬೆಂಚಿನ ಮೇಲೆ ಪುಸ್ತಕ ತೆರೆದು ಕೂತಿದ್ದಳು. ಹೋಗುವಾಗ ಫೈಲು ಅವಳ ಕೈಯಲ್ಲಿತ್ತು.